ಅದಲುಬದಲಾದ ಎರಡು ಮನೆಗಳು

ಸೂರ್ಯ ಇನ್ನೂ ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತಿರುವ ಹೊತ್ತಿಗೆ ಬಣ್ಣದಕ್ಕ ಏಣಿ ಹತ್ತಿ ನಿಂತಾಗಿದೆ. ಏಣಿ ಎಂದರೆ ಎಂಥ ಏಣಿ! ಎಂಟು ಮೆಟ್ಟಿಲಲ್ಲಿ ಮೂರು ಮಾತ್ರ ಮರ್ಯಾದಸ್ಥ. ಉಳಿದ ಐದರ ಮೇಲೆ ಕಾಲಿಟ್ಟರೆ ಸತ್ತವರೂ ಎದ್ದು ಕೂರುವಂತೆ ಕಿರುಚುತ್ತವೆ. ಎದುರಿಗೆ ಹನ್ನೆರಡು ಅಡಿ ಅಗಲದ ಗೋಡೆ, ಗೋಡೆಯ ತುಂಬ ಗೇಣಗಲದ ಬಣ್ಣದ ಚೌಕಗಳು. ಹಲ್ಲಿನಲ್ಲಿ ಟಾರ್ಚು ಕಚ್ಚಿಕೊಂಡು, ಎಡಗೈಯಲ್ಲಿ ಗೋಡೆ ಹಿಡಿದು, ಬಲಗೈಯ ಸಣ್ಣ ಸ್ಕ್ರೇಪರಿನಿಂದ ಆಕೆ ಒಂದು ಹಳದಿ ಚೌಕದೊಳಗಿನ ಕಪ್ಪು ಅಕ್ಷರವನ್ನು ಕೆರೆಯುತ್ತಿದ್ದಾರೆ. ಪಾಪದ ಅಕ್ಷರ, ಒಂದೇ ಒಂದು ನೆಟ್ಟ ಕಡ್ಡಿ. ಇಂಗ್ಲಿಷಿನ ‘ಐ’.

ಇದು ಮುಚ್ಚಿಹೋದ ಶಾಲೆಯೊಂದರ ರಸಾಯನಶಾಸ್ತ್ರದ ಕೋಣೆ. ಮಕ್ಕಳು ಹೊಸ ಕಟ್ಟಡಕ್ಕೆ ಹೋಗಿ ಎಂಟು ತಿಂಗಳಾಗಿದೆ. ಮೇಜುಗಳಿಲ್ಲ, ಕಿಟಕಿಯ ಚೌಕಟ್ಟುಗಳನ್ನೂ ಯಾರೋ ಬಿಚ್ಚಿಕೊಂಡು ಹೋಗಿದ್ದಾರೆ. ಗ್ಯಾಸಿನ ನಲ್ಲಿಗಳು ಮಾತ್ರ ನೆಲದಿಂದ ಕತ್ತು ಚಾಚಿ ನಿಂತಿವೆ. ಇವತ್ತು ಬೆಳಗ್ಗೆ ಹತ್ತು ಗಂಟೆಗೆ ಕಟ್ಟಡ ಕೆಡವುವ ಯಂತ್ರ ಬರುತ್ತದೆ. ಅಷ್ಟರೊಳಗೆ ಈ ಗೋಡೆಯ ಮೇಲಿನ ಎರಡು ಅಕ್ಷರಗಳು ಅದಲುಬದಲಾಗಬೇಕು. ಆಗದಿದ್ದರೆ ಆರು ವರ್ಷದ ಕೆಲಸ ಒಂದು ಗೋಡೆಯಷ್ಟು ಬಾಕಿ ಉಳಿಯುತ್ತದೆ, ಮತ್ತೆಂದೂ ತೀರುವುದಿಲ್ಲ.

ಗೇಟಿನ ವಾಚ್‌ಮನ್ ತಾತ ಟೀ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ.

“ಅಲ್ಲಮ್ಮ, ಹೆಣಕ್ಕೆ ಪೌಡರ್ ಹಚ್ಚಿದ ಹಾಗಾಯ್ತಲ್ಲ ನಿನ್ನ ಕೆಲಸ!”

“ಹಚ್ಚಬಾರದಾ ತಾತ? ಹೆಣ ಅಂತ ಮುಖ ತೊಳೀದೆ ಕಳಿಸ್ತಾರಾ ಯಾರಾದ್ರೂ?” ಬಾಯಲ್ಲಿ ಟಾರ್ಚಿದ್ದರೂ ಬಣ್ಣದಕ್ಕನ ಮಾತು ಸ್ಪಷ್ಟ. ತಾತ ಲೋಟವನ್ನು ಏಣಿಯ ಮೆಟ್ಟಿಲ ಮೇಲಿಟ್ಟು ಗೊಣಗುತ್ತ ಹೋಗುತ್ತಾರೆ.

ಬಣ್ಣದಕ್ಕನಿಗೆ ಐವತ್ತನಾಲ್ಕು ವಯಸ್ಸು. ಹಗಲೆಲ್ಲ ಒಂದು ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸುತ್ತಾರೆ. ಆಕೆ ಬಣ್ಣ ಬೆರೆಸುವುದನ್ನು ನೋಡಿದರೆ ಕಾಮನಬಿಲ್ಲು ತನ್ನ ಏಳು ಬಣ್ಣವನ್ನೂ ವಾಪಸು ಕೊಟ್ಟು ರಾಜೀನಾಮೆ ಬರೆಯಬೇಕು. ಅಂಗಡಿಯಲ್ಲಿ ಬಣ್ಣ ಬೆರೆಸುವ ಯಂತ್ರವೂ ಇದೆ. ಗಿರಾಕಿಗಳು ಹಳೆಯ ಬಾಗಿಲಿನ ಚೂರೊಂದನ್ನು ತಂದು “ಇದೇ ಬಣ್ಣ ಬೇಕು” ಎಂದಾಗ ಯಂತ್ರ ಕೈಯೆತ್ತುತ್ತದೆ, ಬಣ್ಣದಕ್ಕ ಕೈಹಾಕುತ್ತಾರೆ. ಹೊಸ ಹಳದಿಯನ್ನು ಯಾರು ಬೇಕಾದರೂ ಮಾಡಬಹುದು. ಹದಿನೈದು ವರ್ಷ ಬಿಸಿಲು ಕಂಡ ಹಳದಿ, ಮಕ್ಕಳ ಬೆರಳು ತಾಗಿ ಕಂದಿದ ಹಳದಿ ಬೇಕೆಂದರೆ ಈಕೆಯೇ ಬೇಕು. ಒಂದು ಹನಿ ಕಂದು, ಅರ್ಧ ಹನಿ ಬೂದು, ಮೂಸಿ ನೋಡಿದಂತೆ ಒಂದು ನೋಟ, ಮುಗಿಯಿತು. ಅಂಗಡಿ ಒಂಬತ್ತೂವರೆಗೆ ತೆಗೆಯುತ್ತದೆ. ಶಾಲೆಗಳಲ್ಲಿ ಪ್ರಾರ್ಥನೆಯ ಗಂಟೆ ಅದಕ್ಕೂ ಮುಂಚೆ. ಆದ್ದರಿಂದ ಗೋಡೆಯ ಕೆಲಸಕ್ಕೆ ಆಕೆಗೆ ಸಿಗುವುದು ಬೆಳಗಿನ ಮೂರು ತಾಸು ಮಾತ್ರ.

ಈ ಗೋಡೆ ಬರೆದವರು ಆಕೆಯ ಗಂಡ. ಊರಿಗೆಲ್ಲ ‘ಪೇಂಟರು’, ಆಕೆಯ ಬಾಯಲ್ಲಿ ‘ನಮ್ಮನೆಯವರು’. ಅವರು ಗೆರೆ ಎಳೆದರೆ ಹಿಡಿದ ದಾರಕ್ಕೇ ತಾನು ಸೊಟ್ಟಗಿದ್ದೇನೆಯೇ ಎಂದು ಅನುಮಾನ ಬರುತ್ತಿತ್ತು. ಅಂಗಡಿಯ ಬೋರ್ಡು, ಬಸ್ಸಿನ ಬೆನ್ನು, ಎಚ್ಚರಿಕೆಯ ಫಲಕ, ಎಲ್ಲ ಬರೆದರು. ಆದರೆ ಹೆಸರು ತಂದದ್ದು ಶಾಲೆಗಳ ಗೋಡೆಗಳ ಮೇಲಿನ ಆವರ್ತ ಕೋಷ್ಟಕ. ಪ್ರಪಂಚದಲ್ಲಿರುವ ಸಕಲ ವಸ್ತುಗಳ ಮೂಲಧಾತುಗಳನ್ನೂ ಒಂದು ಹಾಳೆಯಲ್ಲಿ ಕೂರಿಸಿದ ಆ ಪಟವನ್ನು ಅವರು ಇಪ್ಪತ್ತು ವರ್ಷದಲ್ಲಿ ನಲವತ್ತಮೂರು ಗೋಡೆಗಳ ಮೇಲೆ ಬರೆದರು. ಓದಿದ್ದು ಏಳನೇ ತರಗತಿ. ಒಬ್ಬ ಹೆಡ್‌ಮಾಸ್ತರು ಕೊಟ್ಟ ಹಳೆಯ ಅಚ್ಚಿನ ಪಟವೊಂದೇ ಅವರ ಗುರು. ಅದರಲ್ಲಿದ್ದದ್ದು ನೂರ ಒಂಬತ್ತು ಚೌಕ. ಅವರು ಅದನ್ನು ಚೌಕ ಎನ್ನುತ್ತಿರಲಿಲ್ಲ, ‘ಮನೆ’ ಎನ್ನುತ್ತಿದ್ದರು.

“ಉದ್ದಕ್ಕೆ ನಿಂತಿರೋ ಒಂದೊಂದು ಸಾಲೂ ಒಂದೊಂದು ವಂಶ ಅಂತ ಹೇಳೋರು,” ಬಣ್ಣದಕ್ಕ ಕೆರೆಯುತ್ತಲೇ ನೆನಪಿಸಿಕೊಳ್ಳುತ್ತಾರೆ. “ಎಡಗಡೆ ತುದೀಲಿ ಕೆಂಪು ಬಳೀಬೇಕು. ಸೋಡಿಯಂ, ಪೊಟ್ಯಾಸಿಯಂ, ಅವೆಲ್ಲ ಸಿಡುಕಿನ ಜನ, ನೀರು ಕಂಡ್ರೆ ಉರಿದು ಬೀಳ್ತಾರೆ. ಬಲಗಡೆ ತುದೀಲಿ ನೀಲಿ. ಅವರು ದೊಡ್ಡ ಮನುಷ್ಯರು, ಯಾರ ಜೊತೆಗೂ ಸೇರಲ್ಲ, ಬೆರೆಯಲ್ಲ. ಅವರ ಪಕ್ಕದ್ದು ಹಸಿರು, ಕ್ಲೋರಿನ್‌ನವರದ್ದು. ಅದರ ಪಕ್ಕ ಹಳದಿ, ಆಕ್ಸಿಜನ್ನು ಗಂಧಕದ್ದು. ನನಗೇನು ಗೊತ್ತು ಇದೆಲ್ಲ? ನನಗೆ ಡಬ್ಬ ಗೊತ್ತು. ‘ಏಯ್, ಗಂಧಕದ ಡಬ್ಬ ಕೊಡೇ’ ಅಂದ್ರೆ ಹಳದಿ ಕೊಡ್ತಿದ್ದೆ.”

ಮೊದಲ ಎಂಟು ಗೋಡೆಗಳನ್ನು ಪೇಂಟರು ಪಟದಲ್ಲಿದ್ದಂತೆಯೇ ಇಳಿಸಿದರು. ಒಂಬತ್ತನೆಯ ಗೋಡೆಯ ಹೊತ್ತಿಗೆ ಕೈ ಪಳಗಿ ಕಣ್ಣಿಗೆ ಬಿಡುವಾಯಿತು. ಬಿಡುವಾದ ಕಣ್ಣು ಮನೆಯೊಳಗಿನ ಅಂಕಿಗಳನ್ನು ಓದತೊಡಗಿತು. ಪ್ರತಿ ಮನೆಯ ಮೂಲೆಯಲ್ಲಿ ಒಂದು ಕ್ರಮಸಂಖ್ಯೆ, ಕೆಳಗೆ ಆ ಧಾತುವಿನ ತೂಕ. ಒಂದೊಂದು ಅಡ್ಡಸಾಲಿನಲ್ಲೂ ಕ್ರಮಸಂಖ್ಯೆ ಹೆಚ್ಚಿದಂತೆ ತೂಕವೂ ಹೆಚ್ಚುತ್ತ ಹೋಗುತ್ತಿತ್ತು. ಕೆಳಗಿನ ಸಾಲುಗಳಿಗೆ ಆ ಪಟದಲ್ಲಿ ತೂಕವೇ ಇರಲಿಲ್ಲ, ಆ ತಂಟೆಯಿಲ್ಲ. ಆದರೆ ಐದನೆಯ ಸಾಲಿನ ಕೊನೆಯ ಹೊತ್ತಿಗೆ ಒಂದು ಕಡೆ ಕಾಲು ಎಡವಿತು. ಐವತ್ತೆರಡನೆಯ ಮನೆ ಟೆಲ್ಲುರಿಯಂ, ತೂಕ ನೂರ ಇಪ್ಪತ್ತೆಂಟು. ಐವತ್ತಮೂರನೆಯ ಮನೆ ಅಯೋಡಿನ್, ತೂಕ ನೂರ ಇಪ್ಪತ್ತೇಳು.

“ಪ್ರಿಂಟು ಮಾಡಿದವನು ನಿದ್ದೆಗಣ್ಣಲ್ಲಿ ಜೋಡಿಸಿದ್ದಾನೆ ನೋಡೇ,” ಎಂದರಂತೆ ಪೇಂಟರು. “ಎಂಟಾದ್ಮೇಲೆ ಏಳು ಬರುತ್ತಾ ಎಲ್ಲಾದ್ರೂ?”

ಮನೆಯ ಮೂಲೆಯ ಕ್ರಮಸಂಖ್ಯೆಗಳನ್ನು ಇದ್ದಲ್ಲೇ ಬಿಟ್ಟು, ಅಕ್ಷರ ಮತ್ತು ತೂಕಗಳನ್ನು ಅದಲುಬದಲು ಮಾಡಿ ಬರೆದರು. ಹಳದಿಯವರ ಮನೆಗೆ ಅಯೋಡಿನ್ ಬಂತು, ಹಸಿರಿನವರ ಮನೆಗೆ ಟೆಲ್ಲುರಿಯಂ ಹೋಯಿತು. ಅವತ್ತು ಸಂಜೆ ಮನೆಗೆ ಬಂದು, ಕಾಲ ಮೇಲೆ ಕಾಲು ಹಾಕಿ ಕೂತು, ವಿಜ್ಞಾನಿಗಳ ತಪ್ಪು ತಿದ್ದಿದ ಮೊದಲ ಪೇಂಟರ್ ತಾನೇ ಎಂದು ಹೆಂಡತಿಗೆ ಹೇಳಿದರು. ಆಕೆ ಹೆಮ್ಮೆಯಿಂದ ಅಕ್ಕಪಕ್ಕದ ನಾಲ್ಕು ಮನೆಗೆ ಹೇಳಿ ಬಂದರು. ಹೀಗೆ ಮೂವತ್ತೈದು ಗೋಡೆಗಳ ಮೇಲೆ ಆ ತಪ್ಪು ದಪ್ಪ ಅಕ್ಷರದಲ್ಲಿ, ಲಕ್ಷಣವಾಗಿ ಕೂತಿತು. ನಂಬಿದರೆ ನಂಬಿ, ಹದಿನಾರು ವರ್ಷ ಯಾವ ಮೇಷ್ಟ್ರೂ ಅದನ್ನು ಗಮನಿಸಲಿಲ್ಲ. ಗೋಡೆಯ ಮೇಲೆ ಅಷ್ಟು ಚೆಂದವಾಗಿ ಬರೆದದ್ದನ್ನು ಅನುಮಾನಿಸುವ ಎದೆ ಯಾರಿಗಿದೆ?

ತಪ್ಪು ಬೆಳಕಿಗೆ ಬಂದದ್ದು ಒಬ್ಬ ಹುಡುಗಿಯಿಂದಾಗಿ. ಪರೀಕ್ಷೆಯಲ್ಲಿ ಆಕೆ ಅಯೋಡಿನ್ನನ್ನು ಆಕ್ಸಿಜನ್ ವಂಶಕ್ಕೆ ಸೇರಿಸಿ ಅಂಕ ಕಳೆದುಕೊಂಡಳು. “ನಮ್ಮ ಗೋಡೆ ಮೇಲೆ ಹಾಗೇ ಇದೆ” ಎಂದು ಅಳುತ್ತ ಜಗಳಕ್ಕೆ ನಿಂತಳು. ಹೊಸದಾಗಿ ಬಂದಿದ್ದ ಕೆಮಿಸ್ಟ್ರಿ ಮೇಡಂ ಹೋಗಿ ನೋಡಿದರು. ಮೂಲೆಯ ಸಹಿ ಓದಿಕೊಂಡು ಪೇಂಟರ ಮನೆ ಹುಡುಕಿ ಬಂದರು.

ಪೇಂಟರು ಮೊದಲು ಬಗ್ಗಲಿಲ್ಲ. “ಮೇಡಂ, ನಾನು ಓದಿಲ್ಲ ಸರಿ. ಆದ್ರೆ ಎಣಿಸೋಕೆ ನನಗೂ ಬರುತ್ತೆ.”

“ಯಜಮಾನ್ರೇ, ನೀವು ಯೋಚಿಸಿದ ಹಾಗೇ ದೊಡ್ಡ ದೊಡ್ಡೋರೂ ಯೋಚಿಸಿದ್ರು,” ಎಂದರು ಮೇಡಂ, ಬಾಗಿಲಲ್ಲೇ ಸ್ಟೂಲೆಳೆದುಕೊಂಡು ಕೂತು. ಆಮೇಲೆ ಅವರು ಹೇಳಿದ್ದನ್ನು ಬಣ್ಣದಕ್ಕ ಇವತ್ತಿಗೂ ಒಂದಕ್ಷರ ಬಿಡದೆ ಒಪ್ಪಿಸುತ್ತಾರೆ. ನೂರೈವತ್ತು ವರ್ಷದ ಹಿಂದೆ ದೂರದೇಶದಲ್ಲಿ ಗಡ್ಡದ ಪ್ರೊಫೆಸರೊಬ್ಬರು ಧಾತುಗಳನ್ನು ತೂಕದ ಪ್ರಕಾರ ಸಾಲಾಗಿ ಜೋಡಿಸಿದರು. ಒಂದಷ್ಟು ದೂರ ಹೋದ ಮೇಲೆ ಹಳೆಯ ಗುಣವೇ ಮತ್ತೆ ಬರುವುದನ್ನು ಕಂಡು, ಒಂದೇ ಗುಣದವರನ್ನು ಒಂದರ ಕೆಳಗೊಂದು ಕೂರಿಸಿದರು. ಗುಣ ಹೊಂದುವವರು ಸಿಗದ ಕಡೆ ಮನೆಯನ್ನು ಖಾಲಿ ಬಿಟ್ಟು, “ಇಲ್ಲಿಗೆ ಬರುವವನು ಇನ್ನೂ ಸಿಕ್ಕಿಲ್ಲ, ಸಿಗುತ್ತಾನೆ” ಎಂದರು. ಜನ ನಕ್ಕರು. ಹದಿನೇಳು ವರ್ಷದೊಳಗೆ ಆ ಖಾಲಿ ಮನೆಗಳಲ್ಲಿ ಮೂರಕ್ಕೆ ಒಕ್ಕಲು ಬಂತು.

“ಅವರಿಗೂ ಇದೇ ಎರಡು ಮನೆ ಕಾಟ ಕೊಟ್ಟವು, ಯಜಮಾನ್ರೇ. ತೂಕ ನೋಡಿದ್ರೆ ಅಯೋಡಿನ್ ಮೊದಲು ಬರಬೇಕು. ಗುಣ ನೋಡಿದ್ರೆ ಅದು ಕ್ಲೋರಿನ್ನಿನ ಸ್ವಂತ ತಮ್ಮ. ಅವರು ಗುಣ ಹಿಡಿದ್ರು. ತೂಕವನ್ನೇ ಯಾರೋ ತಪ್ಪಾಗಿ ತೂಗಿದ್ದಾರೆ ಅಂದ್ರು.”

“ತಪ್ಪಾಗಿ ತೂಗಿದ್ರಾ?”

“ಇಲ್ಲ, ತೂಕ ಸರಿಯಾಗೇ ಇತ್ತು. ನಲವತ್ತು ಚಿಲ್ಲರೆ ವರ್ಷ ಆದ್ಮೇಲೆ ಇನ್ನೊಬ್ಬ ಹುಡುಗ ಎಕ್ಸ್-ರೇ ಹಿಡಿದು ನೋಡಿ ಕಂಡುಹಿಡಿದ. ಮೂಲೆಯಲ್ಲಿ ಬರೀತೀರಲ್ಲ ಆ ನಂಬರು, ಅದು ಸುಮ್ನೆ ಎಣಿಕೆ ಅಲ್ಲ. ಪರಮಾಣುವಿನ ಹೊಟ್ಟೆಯೊಳಗೇ ಇರೋ ಲೆಕ್ಕ ಅದು. ತೂಕ ಹೆಚ್ಚುಕಮ್ಮಿ ಆದ್ರೂ ಆ ನಂಬರು ಬದಲಾಗಲ್ಲ. ಪಾಪ, ಆ ಹುಡುಗ ಇಪ್ಪತ್ತೇಳನೇ ವಯಸ್ಸಿಗೇ ಯುದ್ಧದಲ್ಲಿ ಹೋದ.”

ಪೇಂಟರು ಕೇಳಿದ್ದು ಒಂದೇ ಪ್ರಶ್ನೆ: “ಆ ಮಗುವಿಗೆ ಎಷ್ಟು ಅಂಕ ಹೋಯ್ತು, ಮೇಡಂ?”

“ಒಂದು.”

“ಒಂದು ಗೋಡೆಗೆ ಒಂದು ಮಗು ಅಂದ್ರೂ ಮೂವತ್ತೈದಾಯ್ತು,” ಎಂದರು ಪೇಂಟರು. ಅವತ್ತು ಊಟ ಮುಟ್ಟಲಿಲ್ಲ.

ಅಷ್ಟರಲ್ಲಾಗಲೇ ಅವರ ಬಲಗೈ ಸೋತಿತ್ತು. ಬ್ರಶ್ಶಿನ ಮೊನೆ ಚೂಪಾಗಲೆಂದು ಪ್ರತಿ ಅಕ್ಷರಕ್ಕೂ ಅದನ್ನು ತುಟಿಯಲ್ಲಿಟ್ಟು ಎಳೆಯುವುದು ಅವರ ಅಭ್ಯಾಸ. ಹಳೆಯ ಕಾಲದ ಹೊಳೆಯುವ ಹಳದಿಯಲ್ಲಿ ಸೀಸ ಇರುತ್ತಿತ್ತು. ಇಪ್ಪತ್ತು ವರ್ಷ ಚೂರುಚೂರೇ ಒಳಗಿಳಿದ ಸೀಸ ಮಣಿಕಟ್ಟಿನ ನರ ಹಿಡಿಯಿತು. ಕೈ ಚಾಚಿದರೆ ಅಂಗೈ ಒಣಗಿದ ಎಲೆಯಂತೆ ಕೆಳಕ್ಕೆ ಜೋತುಬೀಳುತ್ತಿತ್ತು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮಗಳು ರಕ್ತಪರೀಕ್ಷೆಯ ಚೀಟಿ ಹಿಡಿದು ಬಂದು, “ಅಪ್ಪಾ, ನಿಮ್ಮೊಳಗೆ ಎಂಬತ್ತೆರಡನೇ ಮನೆಯವನು ಬಂದು ಕೂತಿದ್ದಾನೆ” ಎಂದು ಅತ್ತಳು. ಅವರು ನಕ್ಕು, “ನಾನೇ ಬಣ್ಣ ಹಚ್ಚಿ ಕೂರಿಸಿದವನು, ಬಿಟ್ಟು ಎಲ್ಲಿಗೆ ಹೋಗ್ತಾನೆ” ಎಂದರಂತೆ.

ಕೈ ಎತ್ತಲಾಗದ ಪೇಂಟರು ಹೆಂಡತಿಯ ಮುಖ ನೋಡಿದರು. ಮೂವತ್ತು ವರ್ಷ ಡಬ್ಬ ಹಿಡಿದು ನಿಂತಿದ್ದ ಬಣ್ಣದಕ್ಕ ಬ್ರಶ್ ಹಿಡಿದದ್ದು ಹಾಗೆ. ಮೊದಲ ಆರು ಗೋಡೆಗಳಿಗೆ ಇಬ್ಬರೂ ಹೋದರು. ಆತ ಕೆಳಗೆ ಸ್ಟೂಲಿನ ಮೇಲೆ ಕೂತು ಬೈಯುವುದು, ಆಕೆ ಮೇಲೆ ನಿಂತು ನಡುಗುವುದು.

“ಏನು ಬೈಗುಳ ಅಂತೀರಿ! ‘ಅದು ಅಕ್ಷರಾನಾ, ಬಿದ್ದ ಬೇಲೀನಾ?’ ಅನ್ನೋರು. ನಾನೂ ಸುಮ್ನಿರ್ತಿರಲಿಲ್ಲ. ‘ಬೇಲಿ ಮುರಿದು ಅವರನ್ನ ಇವರ ಮನೆಗೆ ಕಳಿಸಿದವರು ಯಾರು ಸ್ವಾಮಿ, ನೀವಲ್ವಾ?’ ಅಂತಿದ್ದೆ. ಇಬ್ಬರೂ ನಗ್ತಿದ್ವಿ. ಆರನೇ ಗೋಡೆ ಆದ್ಮೇಲೆ ಬರಲಿಲ್ಲ ಅವರು.” ಬಣ್ಣದಕ್ಕ ಸ್ಕ್ರೇಪರನ್ನು ಸೆರಗಿಗೆ ಒರೆಸುತ್ತಾರೆ. “ಐದು ವರ್ಷ ಆಯ್ತು. ಅವರು ಹೋಗೋ ಹಿಂದಿನ ದಿನ, ಮಗಳ ಕೈಲಿ ಬರೆಸಿದ್ದ ಶಾಲೆಗಳ ಪಟ್ಟಿ ಕೈಗೆ ಕೊಟ್ರು.”

ಪಟ್ಟಿಯಲ್ಲಿ ಇಪ್ಪತ್ತೊಂಬತ್ತು ಬಾಕಿ. ರಜೆಯ ದಿನ, ಶನಿವಾರ, ಅನುಮತಿ ಸಿಕ್ಕ ಬೆಳಗು ಎಂದು ಹೆಕ್ಕಿ ಹೆಕ್ಕಿ ಇಪ್ಪತ್ತೆಂಟನ್ನು ಒಬ್ಬರೇ ಮುಗಿಸಿದ್ದಾರೆ. ಕೆಲವು ಶಾಲೆಗೆ ಎರಡು ಬಸ್ಸು, ಒಂದಕ್ಕಂತೂ ಮೂರು ಬಸ್ಸು ಮತ್ತು ಒಂದು ದೋಣಿ. ಏಣಿಯನ್ನು ಬಸ್ಸಿನ ಮೇಲೆ ಹಾಕಿಸಲು ಕಂಡಕ್ಟರುಗಳೊಡನೆ ಆಡಿದ ಜಗಳಗಳನ್ನು ಬರೆದರೆ ಏಳು ಸಂಪುಟ ಆದೀತು, ಎಂಟನೆಯದು ಅನುಬಂಧ. ಹೆಡ್‌ಮಾಸ್ತರುಗಳ ಬಳಿ ‘ಬಣ್ಣ ಮಾಸಿದೆ, ತಿದ್ದಿ ಕೊಡ್ತೀನಿ’ ಎಂದಷ್ಟೇ ಹೇಳುತ್ತಾರೆ. ತಪ್ಪಿನ ವಿಷಯ ಬಾಯಿಬಿಟ್ಟಿಲ್ಲ.

ಕೆಲಸದ ರೀತಿಯನ್ನು ಹತ್ತಿರ ನಿಂತು ನೋಡಬೇಕು. ಅಕ್ಷರ ಕೆರೆಯುವ ಮೊದಲು ಆಕೆ ಅದರ ಮೇಲೆ ತೆಳುವಾದ ಕಾಗದವಿಟ್ಟು ಗಂಡನ ಅಕ್ಷರದ ಅಂಚನ್ನು ಪೆನ್ಸಿಲಿನಲ್ಲಿ ಎತ್ತಿಕೊಳ್ಳುತ್ತಾರೆ. ಆ ಗೆರೆಯುದ್ದಕ್ಕೂ ಸೂಜಿಯಿಂದ ಸಣ್ಣ ಸಣ್ಣ ತೂತು. ಹಳೆಯ ಅಕ್ಷರ ಕೆರೆದು, ಮನೆಯ ಬಣ್ಣ ಬಳಿದು, ಅದು ಬಿಗಿಯುವವರೆಗೆ ಕಾದು, ಕಾಗದವನ್ನು ಪಕ್ಕದ ಮನೆಯ ಮೇಲೆ ಹಿಡಿಯುತ್ತಾರೆ. ಇದ್ದಿಲ ಪುಡಿ ತುಂಬಿದ ಬಟ್ಟೆಯ ಗಂಟಿನಿಂದ ಅದರ ಮೇಲೆ ಮೆಲ್ಲಗೆ ತಟ್ಟುತ್ತಾರೆ. ಗೋಡೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಪೇಂಟರ ಕೈಬರಹ ಮೂಡುತ್ತದೆ. ಚುಕ್ಕಿಗಳ ಮೇಲೆ ಆಕೆ ಬ್ರಶ್ ಎಳೆಯುತ್ತಾರೆ. ಹೀಗೆ ಮನೆ ಬದಲಾದರೂ ಅಕ್ಷರ ಅವರದ್ದೇ ಉಳಿಯುತ್ತದೆ.

“ನನ್ನ ಕೈಯಲ್ಲಿ ಬರೆದ್ರೆ ತೇಪೆ ಗೊತ್ತಾಗಿಬಿಡುತ್ತೆ. ನೋಡಿದವರು ‘ಇಲ್ಲೇನೋ ತಪ್ಪಾಗಿತ್ತು’ ಅನ್ಬಾರದು. ಕೆಲಸ ಚೆನ್ನಾಗಿ ಆಯ್ತು ಅಂದ್ರೆ ಯಾರ ಕಣ್ಣಿಗೂ ಬೀಳಬಾರದು, ಅಷ್ಟೇ.” ಆ ಮೇಡಂ ಮತ್ತು ಆ ಹುಡುಗಿಯನ್ನು ಬಿಟ್ಟರೆ ಮೂವತ್ತನಾಲ್ಕು ಶಾಲೆಗಳಲ್ಲಿ ಒಬ್ಬರೇ ಒಬ್ಬರಿಗೂ ಏನು ಬದಲಾಗಿದೆಯೆಂದು ಗೊತ್ತಾಗಿಲ್ಲ. ಇಷ್ಟು ಯಶಸ್ವಿಯಾಗಿ ಕಾಣದೇ ಹೋದ ಕೆಲಸ ಭೂಮಂಡಲದಲ್ಲಿ ಇನ್ನೊಂದಿರಲಾರದು.

ಪಟಕ್ಕೆ ಈಗ ನೂರ ಹದಿನೆಂಟು ಮನೆಗಳಾಗಿವೆ, ಏಳನೆಯ ಸಾಲು ಪೂರ್ತಿ ತುಂಬಿದೆ. ಉಳಿದ ಒಂಬತ್ತನ್ನೂ ಸೇರಿಸಬಾರದೇ ಎಂದು ಮಗಳು ಒಮ್ಮೆ ಕೇಳಿದ್ದಳು. ಬಣ್ಣದಕ್ಕ ಒಪ್ಪಲಿಲ್ಲ. “ಅವರು ಬರೆಯೋವಾಗ ಆ ಪಟದಲ್ಲಿ ಇರಲಿಲ್ಲ, ಬರೀಲಿಲ್ಲ. ಅದು ತಪ್ಪಲ್ಲ ಕಣೇ. ಖಾಲಿ ಇರೋದೇ ಬೇರೆ, ತಪ್ಪಿರೋದೇ ಬೇರೆ.”

ಎಂಟೂವರೆಯ ಹೊತ್ತಿಗೆ ಹಳದಿ ಮನೆಯಲ್ಲಿ ಟೆಲ್ಲುರಿಯಂ ಕೂತಿದೆ. ಹಸಿರು ಮನೆಯ ಮೇಲೆ ಚುಕ್ಕಿಗಳು ಮೂಡಿವೆ. ಕೆಳಗೆ ಗಟ್ಟಿ ಬೂಟಿನ ಸದ್ದು. ಕಟ್ಟಡ ಕೆಡವುವ ಗುತ್ತಿಗೆಯ ಮೇಸ್ತ್ರಿ, ತಲೆಗೆ ಹಳದಿ ಟೋಪಿ, ಕೈಯಲ್ಲಿ ಸೀಮೆಸುಣ್ಣ, ಬಾಗಿಲಲ್ಲಿ ನಿಂತು ಬಾಯಿ ತೆರೆಯುತ್ತಾರೆ.

“ಅಕ್ಕಾ! ಏನ್ ಮಾಡ್ತಿದ್ದೀರಿ? ಯಾರೂ ಹೇಳಲಿಲ್ವಾ ನಿಮಗೆ? ಹತ್ತು ಗಂಟೆಗೆ ಈ ಗೋಡೆ ನೆಲಕ್ಕೆ ಬೀಳುತ್ತೆ!”

“ಗೊತ್ತಣ್ಣ.”

“ಗೊತ್ತಿದ್ದೂ ಬಣ್ಣ ಹೊಡೀತಿದ್ದೀರಾ?”

“ಹತ್ತು ಗಂಟೆ ತನಕ ನಿಂತಿರುತ್ತಲ್ಲ.”

ಮೇಸ್ತ್ರಿ ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ಅವರು ಮುನ್ನೂರು ಕಟ್ಟಡ ಕೆಡವಿದ್ದಾರೆ. ಗೋಡೆಗೆ ಅಡ್ಡ ಮಲಗಿದವರನ್ನು, ಶಾಪ ಹಾಕಿದವರನ್ನು ಕಂಡಿದ್ದಾರೆ. ಬಣ್ಣ ಹೊಡೆಯುವವರನ್ನು ಕಂಡಿಲ್ಲ. ಏಣಿಯ ಬುಡ ಹಿಡಿದು ನಿಂತು ಕೇಳುತ್ತಾರೆ. ಬಣ್ಣದಕ್ಕ ಮೇಲಿನಿಂದ, ಬ್ರಶ್ ನಿಲ್ಲಿಸದೆ, ತೂಕದ ಕಥೆ, ಹುಡುಗಿಯ ಕಥೆ, ಸ್ಟೂಲಿನ ಮೇಲೆ ಕೂತು ಬೈಯುತ್ತಿದ್ದವರ ಕಥೆ ಎಲ್ಲ ಹೇಳುತ್ತಾರೆ. ಇವತ್ತಿನ ತನಕ ಹೊರಗಿನವರಾರಿಗೂ ಆಕೆ ಈ ತಪ್ಪನ್ನು ಹೇಳಿರಲಿಲ್ಲ. ಹೇಳುತ್ತ ಹೇಳುತ್ತ ಹಸಿರು ಮನೆಯಲ್ಲಿ ‘ಐ’ ಎದ್ದು ನಿಲ್ಲುತ್ತದೆ. ತಲೆಗೊಂದು, ಕಾಲಿಗೊಂದು ಸಣ್ಣ ಅಡ್ಡಗೆರೆ, ಪೇಂಟರು ಎಳೆಯುತ್ತಿದ್ದ ಹಾಗೆಯೇ. ಆಮೇಲೆ ಕೆಳಗಿನ ತೂಕ, ನೂರ ಇಪ್ಪತ್ತೇಳು.

ಮೇಸ್ತ್ರಿ ಟೋಪಿಯನ್ನು ಮತ್ತೆ ತಲೆಗಿಡುತ್ತಾರೆ. “ಯಂತ್ರಾನ ಆ ಕಡೆ ಮೂಲೆಯಿಂದ ಶುರು ಮಾಡಿಸ್ತೀನಿ. ಈ ಕೋಣೆ ಸೋಮವಾರ ನೋಡ್ಕೊಳ್ಳೋಣ. ನನ್ನ ಕೈಲಿ ಅಷ್ಟೇ ಆಗೋದು ಅಕ್ಕ.”

“ಅದೇ ಹೆಚ್ಚಾಯ್ತಣ್ಣ. ಹಸಿ ಇರೋವಾಗ ಬಿದ್ರೆ ಅರ್ಧಕ್ಕೆ ಬಿಟ್ಟ ಹಾಗಾಗುತ್ತೆ. ಮುಗಿದ ಮೇಲೆ ಬೀಳಲಿ.”

“ಇನ್ನೊಂದು ಮಾತು.” ಮೇಸ್ತ್ರಿ ಗೋಡೆಯ ಹತ್ತಿರ ಹೋಗಿ ಬೆರಳಿನಿಂದ ತಟ್ಟಿ ನೋಡುತ್ತಾರೆ. “ಗಾರೆ ಗಟ್ಟಿ ಇದೆ. ಕಟ್ಟರ್ ಇದೆ ನನ್ನ ಹತ್ರ. ನಿಮ್ಮ ಯಜಮಾನ್ರು ಬರೆದಿರೋ ಯಾವುದಾದ್ರೂ ಒಂದು ಮನೇನ ನಾಜೂಕಾಗಿ ಕತ್ತರಿಸಿ ಕೊಡ್ತೀನಿ. ಮನೇಲಿಟ್ಕೊಳ್ಳಿ. ನೀವು ತಿದ್ದಿದ ಎರಡು ಬಿಟ್ರೂ ನೂರೇಳು ಇದ್ಯಲ್ಲ, ಯಾವುದು ಬೇಕು ಹೇಳಿ.”

ಬಣ್ಣದಕ್ಕ ಏಣಿಯಿಂದ ಇಳಿಯುತ್ತಾರೆ. ಮೂವತ್ತೈದು ಗೋಡೆ ತಿದ್ದಿದ ಆಕೆಯ ಮನೆಯಲ್ಲಿ ಪೇಂಟರ ಕೈಯ ಒಂದಕ್ಷರವೂ ಇಲ್ಲ. ಮನೆಗೆ ಬೋರ್ಡು ಯಾರು ಬರೆಸುತ್ತಾರೆ? ಗೋಡೆಯ ಮುಂದೆ ನಿಂತು ಎಡಗಡೆಯ ಕೆಂಪಿನಿಂದ ಬಲಗಡೆಯ ನೀಲಿಯವರೆಗೆ ಕಣ್ಣಾಡಿಸುತ್ತಾರೆ. ಒಂದು ಮನೆಯ ಮುಂದೆ ಕೈ ಮೇಲೇಳುತ್ತದೆ, ಮುಟ್ಟದೆ ಕೆಳಗಿಳಿಯುತ್ತದೆ. ಮೇಸ್ತ್ರಿ ಅವಸರ ಮಾಡುವುದಿಲ್ಲ.

“ಬೇಡಣ್ಣ,” ಎನ್ನುತ್ತಾರೆ ಕೊನೆಗೆ. “ಒಂದು ಮನೆ ಕಿತ್ತುಬಿಟ್ರೆ ಮತ್ತೆ ತಪ್ಪಾಗುತ್ತಲ್ಲ.”

ಮೇಸ್ತ್ರಿ ಹೊರಗೆ ಹೋಗಿ, ಬಾಗಿಲ ಮೇಲೆ ಸೀಮೆಸುಣ್ಣದಿಂದ ‘ಸೋಮವಾರ’ ಎಂದು ಬರೆಯುತ್ತಾರೆ. ಬಣ್ಣದಕ್ಕ ಬ್ರಶ್ಶನ್ನು ಸೀಮೆಎಣ್ಣೆಯಲ್ಲಿ ತೊಳೆದು, ಅಂಗಡಿಗೆ ಫೋನು ಮಾಡಿ ರಜೆ ಹೇಳಿ, ಗೋಡೆಯ ಎದುರಿನ ಬರಿ ನೆಲದ ಮೇಲೆ ಕಾಲು ಚಾಚಿ ಕೂರುತ್ತಾರೆ.

“ಇಷ್ಟು ದಿನ ಬಣ್ಣ ಹಚ್ಚೋದು, ಓಡೋದು. ಒಂದು ಗೋಡೇನೂ ಪೂರ್ತಿ ಒಣಗೋದನ್ನ ನೋಡಿಲ್ಲ ನಾನು. ಇದೊಂದನ್ನ ಕೂತು ನೋಡ್ತೀನಿ.”